ಚೆಕ್‌ರೋಲ್‌ನಲ್ಲಿರೋ ಹೆಸರು ವೋಟರ್ ಲಿಸ್ಟ್‌ನಲ್ಲಿಲ್ಲ

ನಮ್ಮಪ್ಪ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ರು. ಕೊಡಗಿನ ಆಚೆಯವರಿಗೆ ಹೇಳ್ಬೇಕು ಅಂದ್ರೆ, ತೋಟದ ಲೆಕ್ಕ ಬರೆಯೋರನ್ನ ನಮ್ ಕಡೆ ರೈಟರ್ ಅಂತಾರೆ. ಬೆಳಿಗ್ಗೆ ಏಳೂವರೆಗೆ ಸ್ಟೋರ್ ಮುಂದೆ ಆಳುಗಳೆಲ್ಲ ಸೇರ್ತಿದ್ರು, ಅಪ್ಪ ಉದ್ದದ ಚೆಕ್‌ರೋಲ್, ಅಂದ್ರೆ ಹಾಜರಿ ಪುಸ್ತಕ ಬಿಚ್ಚಿ ಒಂದೊಂದೇ ಹೆಸರು ಕೂಗೋರು, ಬಂದವರಿಗೆ ಒಂದು ಗೆರೆ, ಅರ್ಧ ದಿನದವರಿಗೆ ಬೇರೆ ಗುರುತು. ಒಂದು ಹೆಸರು ಬಿಟ್ಟುಹೋದ್ರೂ ಶನಿವಾರ ಬಟವಾಡೆ ಹೊತ್ತಿಗೆ ದೊಡ್ಡ ಗಲಾಟೆ, ಅದಕ್ಕೇ ರಾತ್ರಿ ಊಟ ಆದ್ಮೇಲೆ ದೀಪದ ಮುಂದೆ ಕೂತು ಇನ್ನೊಂದು ಸಲ ತಾಳೆ ನೋಡೋರು. ಮಳೆಗಾಲದಲ್ಲಿ ಪುಸ್ತಕ ಒದ್ದೆ ಆಗ್ಬಾರ್ದು ಅಂತ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಲೆ ಹತ್ರ ಅಟ್ಟದ ಮೇಲೆ ಇಡೋರು. ಯಾರ ಹೆಸರೂ ತಪ್ಪಬಾರ್ದು, ಅದು ಅವರ ಹಠ.

ಈಗ ನನ್ನ ಕೈಯಲ್ಲೂ ಒಂದು ಹೆಸರಿನ ಪುಸ್ತಕ ಉಂಟು. ಸರ್ಕಾರಿ ಶಾಲೆ ಟೀಚರ್ ನಾನು, ಆರು ವರ್ಷದಿಂದ ಬಿಎಲ್‌ಒ ಕೆಲಸಾನೂ ಮಾಡ್ತಾ ಇದ್ದೀನಿ, ಅಂದ್ರೆ ನಮ್ಮ ಬೂತಿನ ವೋಟರ್ ಲಿಸ್ಟ್ ಇಟ್ಕೊಂಡು ಮನೆಮನೆಗೆ ಹೋಗಿ ಯಾರು ಇದ್ದಾರೆ, ಯಾರು ತೀರ್ಕೊಂಡ್ರು, ಯಾರು ಬಿಟ್ಟುಹೋದ್ರು, ಯಾರಿಗೆ ಹದಿನೆಂಟು ತುಂಬ್ತು ಅಂತ ಬರ್ಕೊಂಡು ಬರೋದು. ಈ ಕೆಲಸ ಜೋರಾಗೋದು ನವೆಂಬರ್ ಡಿಸೆಂಬರ್‌ನಲ್ಲಿ. ಅದೇ ಹೊತ್ತಿಗೆ ನಮ್ಮಲ್ಲಿ ಕಾಫಿ ಕುಯ್ಲು ಶುರು ಆಗಿರುತ್ತೆ, ಹಗಲು ಹೋದ್ರೆ ತೋಟದ ಆಳುಗಳಿರೋ ಸಾಲು ಮನೆಯಲ್ಲಿ, ನಮ್ ಕಡೆ ಲೈನ್ ಮನೆ ಅಂತೀವಿ, ಒಂದು ಕೋಳಿ, ಎರಡು ಮಕ್ಕಳು ಬಿಟ್ರೆ ಯಾರೂ ಸಿಗಲ್ಲ. ಸಂಜೆ ಐದೂವರೆ ಮೇಲೆ ಹೋಗ್ಬೇಕು, ಆಗ ಆನೆ ಭಯ. ಮೊದಲ ವರ್ಷ ನಾನು ಅಪ್ಪನ ಥರಾನೇ ತಾಳೆ ನೋಡೋಕೆ ಕೂತೆ, ಒಂದು ಕಡೆ ತೋಟದ ಚೆಕ್‌ರೋಲ್, ಇನ್ನೊಂದು ಕಡೆ ನನ್ನ ವೋಟರ್ ಲಿಸ್ಟ್. ದಿನಾ ಬೆಳಿಗ್ಗೆ ಹೆಸರು ಕೂಗಿಸ್ಕೊಳ್ಳೋ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನ್ನ ಲಿಸ್ಟ್‌ನಲ್ಲಿ ಇರ್ಲೇ ಇಲ್ಲ. ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಆ ಲೈನ್‌ನ ಕೊನೇ ಬಾಗಿಲಲ್ಲಿ ಎರವ ಅನ್ನೋ ಆದಿವಾಸಿ ಸಮುದಾಯದ ಒಬ್ಬ ಅಜ್ಜಿ ಇದ್ರು. ಹುಟ್ಟಿದ್ದು ಒಂದು ತೋಟದಲ್ಲಿ, ಮದುವೆ ಆಗಿ ಬಂದಿದ್ದು ಇನ್ನೊಂದಕ್ಕೆ, ಮಕ್ಕಳು ಹುಟ್ಟಿದ್ದು ಮತ್ತೆರಡು ತೋಟದಲ್ಲಿ. "ಮನೆ ಯಾರದ್ದಜ್ಜಿ?" ಅಂದೆ, ಫಾರಂ ತುಂಬಿಸೋ ಗಡಿಬಿಡಿಯಲ್ಲಿ. "ಸಾವ್ಕಾರ್ರದ್ದು ಟೀಚರೇ, ನಮ್ದು ಎಲ್ಲುಂಟು" ಅಂದ್ರು. ಕರೆಂಟ್ ಬಿಲ್? ತೋಟಕ್ಕೆಲ್ಲ ಒಂದೇ ಮೀಟರ್, ಸಾಹುಕಾರ್ರ ಹೆಸರಲ್ಲಿ. ಮನೆ ನಂಬರ್? ಲೈನ್‌ಗೆ ನಂಬರ್ ಇಲ್ಲ, ಬಂಗಲೆಗಿದೆ. ಹೊಸದಾಗಿ ಹೆಸರು ಸೇರಿಸೋ ಆ ಫಾರಂ 6 ತಗೊಂಡು, ಜೊತೆಗೆ ಈಗಿನ ರೈಟರ್ ಹತ್ರ ಕೇಳಿ ಚೆಕ್‌ರೋಲಿನ ಎರಡು ಹಾಳೆ ಜೆರಾಕ್ಸ್ ಮಾಡಿಸಿ ಇಟ್ಟು ಮೇಲಕ್ಕೆ ಕಳಿಸ್ದೆ. ತಿಂಗಳಾದ್ಮೇಲೆ ವಾಪಸ್ ಬಂತು, ವಿಳಾಸದ ದಾಖಲೆ ಇಲ್ಲ ಅಂತ. ಕಚೇರಿಯಲ್ಲಿ ಕೇಳಿದ್ರೆ ಚೆಕ್‌ರೋಲ್ ಎಲ್ಲ ದಾಖಲೆ ಆಗಲ್ಲ ಮೇಡಂ ಅಂದ್ರು. ನಮ್ಮಪ್ಪ ಅಷ್ಟು ವರ್ಷ ಅಟ್ಟದ ಮೇಲಿಟ್ಟು ಕಾಪಾಡಿದ ಥರದ್ದೇ ಪುಸ್ತಕ ಅದು, ನಂಗೆ ಆ ಮಾತು ತಡೆಯೋಕಾಗ್ಲಿಲ್ಲ.

ಬಿ.ಎ.ನಲ್ಲಿ ಇತಿಹಾಸ ಓದುವಾಗ 1832ರ ಇಂಗ್ಲೆಂಡಿನ ಸುಧಾರಣಾ ಕಾಯಿದೆ ಅಂದ್ರೆ ಹತ್ತು ಮಾರ್ಕಿನ ಪ್ರಶ್ನೆ. ಬಾಯಿಪಾಠ ಮಾಡಿ ಬರೆದು ಮರ್ತಿದ್ದೆ. ಆ ಫಾರಂ ವಾಪಸ್ ಬಂದ ವಾರ ಹಳೇ ಪುಸ್ತಕ ಹುಡುಕಿ ತೆಗೆದೆ, ಯಾಕಂದ್ರೆ ಎಲ್ಲೋ ಓದಿದ್ದೀನಲ್ಲ ಇದನ್ನ ಅನ್ನಿಸ್ತಾ ಇತ್ತು. ಓದಿದ್ದೆ ನಿಜ. ಆವಾಗ ಓಲ್ಡ್ ಸಾರಮ್ ಅನ್ನೋ ದಿಬ್ಬದ ಮೇಲೆ ಒಂದು ಮನೆ ಕೂಡ ಇರ್ಲಿಲ್ಲ, ಅಲ್ಲಿಂದ ಇಬ್ಬರು ಪಾರ್ಲಿಮೆಂಟ್ ಮೆಂಬರ್‌ಗಳು ಹೋಗ್ತಿದ್ರು, ಗಿರಣಿಗಳಿಂದ ತುಂಬಿ ತುಳುಕ್ತಿದ್ದ ಮ್ಯಾಂಚೆಸ್ಟರ್‌ಗೆ ಒಬ್ಬರೂ ಇಲ್ಲ. ನಮ್ಮ ಮೇಷ್ಟ್ರು ಅದನ್ನ ಚೆನ್ನಾಗಿ ಹೇಳಿದ್ರು. ಅವರು ಹೇಳದೇ ಬಿಟ್ಟಿದ್ದು, ಅಥವಾ ನಾನು ಕೇಳಿಸ್ಕೊಳ್ಳದೇ ಇದ್ದಿದ್ದು ಏನಂದ್ರೆ, ಆ ಕಾಯಿದೆ ಬಂದ್ಮೇಲೆ ಪಟ್ಟಣದಲ್ಲಿ ವೋಟು ಸಿಕ್ಕಿದ್ದು ಮನೆಗೆ. ವರ್ಷಕ್ಕೆ 10 ಪೌಂಡ್ ಬೆಲೆಬಾಳೋ ಮನೆಯಲ್ಲಿ ಇರೋ ಗಂಡಸಿಗೆ ವೋಟು, ಅದಕ್ಕಿಂತ ಚಿಕ್ಕ ಮನೆಯವನಿಗೆ ಇಲ್ಲ. ಹಿಂದಿನ ವರ್ಷ ಬಡವರ ಪರಿಹಾರ ತಗೊಂಡಿದ್ರೆ ಇಲ್ಲ. ವೋಟರ್ ಲಿಸ್ಟ್ ಅನ್ನೋದು ಅಲ್ಲಿ ಕ್ರಮವಾಗಿ ಶುರು ಆಗಿದ್ದೂ ಅದೇ ಕಾಯಿದೆಯಿಂದ, ಹೆಸರು ಸೇರಿಸೋಕೆ ಒಂದು ಶಿಲ್ಲಿಂಗ್ ಫೀಸ್ ಬೇರೆ. ಇಷ್ಟೆಲ್ಲ ಸುಧಾರಣೆ ಆದ್ಮೇಲೂ ಇಂಗ್ಲೆಂಡಿನ ವಯಸ್ಕ ಗಂಡಸರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ವೋಟು.

ಆ ಕಾಯಿದೆಯಲ್ಲೇ ಮೊದಲ ಸಲ ವೋಟರ್ ಅಂದ್ರೆ ಗಂಡಸು ಅಂತ ಅಕ್ಷರದಲ್ಲಿ ಬರೆದ್ರು. ಅದೇ ವರ್ಷ ಆಗಸ್ಟ್‌ನಲ್ಲಿ ಯಾರ್ಕ್‌ಶೈರಿನ ಮೇರಿ ಸ್ಮಿತ್ ಅನ್ನೋ ಹೆಣ್ಣುಮಗಳು ಪಾರ್ಲಿಮೆಂಟಿಗೆ ಅರ್ಜಿ ಹಾಕಿದ್ರು, ತೆರಿಗೆ ನಾನೂ ಕಟ್ತೀನಿ, ನಂಗೆ ಯಾಕೆ ವೋಟಿಲ್ಲ ಅಂತ. ಹೆನ್ರಿ ಹಂಟ್ ಅನ್ನೋ ಮೆಂಬರ್ ಅದನ್ನ ಸದನದ ಮುಂದಿಟ್ರು. ಅವರ ಪ್ರಶ್ನೆಗೆ ಪೂರ್ತಿ ಉತ್ತರ ಸಿಗೋಕೆ 1928 ಆಯ್ತು, ತೊಂಬತ್ತಾರು ವರ್ಷ.

ಇದೆಲ್ಲ ದೂರದ ದೇಶದ ಮಾತು ಅನ್ಸುತ್ತೆ, ಆದ್ರೆ ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಆ ಕಾಯಿದೆಗೆ ರಾಜನ ಒಪ್ಪಿಗೆ ಸಿಕ್ಕಿದ್ದು 7 ಜೂನ್ 1832. ನಮ್ಮ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ಕಂಪನಿ ಸರ್ಕಾರಕ್ಕೆ ಸೇರಿಸಿದ ಘೋಷಣೆಯನ್ನ ಕರ್ನಲ್ ಫ್ರೇಸರ್ ಹೊರಡಿಸಿದ್ದು 7 ಮೇ 1834. ಎರಡು ವರ್ಷಕ್ಕೆ ಒಂದು ತಿಂಗಳು ಕಮ್ಮಿ. ಆ ಘೋಷಣೆ ಶುರು ಆಗೋದೇ ಕೊಡಗಿನ ನಿವಾಸಿಗಳೆಲ್ಲರೂ ಒಮ್ಮತದಿಂದ ಬಯಸಿದ್ದರಿಂದ ಅನ್ನೋ ಅರ್ಥದ ಮಾತಿಂದ. ಎಲ್ಲರೂ! ಐವರಲ್ಲಿ ಒಬ್ಬನ ಮನಸ್ಸು ತಿಳ್ಕೊಳ್ಳೋಕೆ ತನ್ನ ದೇಶದಲ್ಲಿ ಅಷ್ಟು ಗಲಾಟೆ, ಚರ್ಚೆ, ಲೆಕ್ಕ ಮಾಡಿದ ಸರ್ಕಾರ ಇಲ್ಲಿ ಒಬ್ಬರನ್ನೂ ಎಣಿಸದೇ ಎಲ್ಲರ ಬಯಕೆ ಅಂತ ಬರೀತು. ಗದ್ದೆಯಲ್ಲಿ ಜೀತಕ್ಕಿದ್ದ ಎರವರು, ಪಣಿಯರು, ಹೊಲೆಯರು, ಅವರೂ ನಿವಾಸಿಗಳೇ ಅಲ್ವಾ, ಅವರನ್ನ ಯಾರು ಕೇಳಿದ್ರು. ಇದನ್ನ ಓದಿದಾಗಿಂದ ಯಾರಾದ್ರೂ "ನಮ್ಮೂರವರೆಲ್ಲರ ಅಭಿಪ್ರಾಯ ಇದೇ" ಅಂದ್ರೆ ಯಾರ್ಯಾರು ಅಂತ ಕೇಳ್ಬೇಕು ಅನ್ಸುತ್ತೆ.

ಆಮೇಲೆ 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿ ಹತ್ರ ತೋಟ ಮಾಡಿದ, ಒಬ್ಬರ ಹಿಂದೆ ಒಬ್ಬರು ಬಂದ್ರು, ಕಾಡು ಹೋಗಿ ಕಾಫಿ ಆಯ್ತು, ಕಾಫಿಗೆ ಆಳು ಬೇಕಾದ್ರು, ಆಳಿಗೆ ಲೈನ್ ಬಂತು. ಒಂದೇ ಗೋಡೆ, ಸಾಲಾಗಿ ಬಾಗಿಲು, ಒಳಗೆ ಒಂದು ಕೋಣೆ ಮುಂದೆ ಒಂದು ಜಗಲಿ. ಕೆಲಸ ಇರೋವರೆಗೆ ಮನೆ.

ಇಂಗ್ಲೆಂಡಿನಲ್ಲೂ ಇಂಥದ್ದೇ ಮನೆಗಳಿದ್ವು, ಜಮೀನ್ದಾರ ತನ್ನ ಕೂಲಿಯವರಿಗೆ, ಕುದುರೆ ನೋಡ್ಕೊಳ್ಳೋರಿಗೆ ಕೊಟ್ಟಿದ್ದು. ಅಲ್ಲಿಯ ವೋಟಿನ ಚರಿತ್ರೆ ನಿಜವಾಗ್ಲೂ ನಂಗೆ ಹತ್ತಿರ ಆಗಿದ್ದು ಇಲ್ಲಿ. 1867ರಲ್ಲಿ ಎರಡನೇ ಸುಧಾರಣಾ ಕಾಯಿದೆ ಬಂದಾಗ ಪಟ್ಟಣದ ಎಲ್ಲಾ ಮನೆಯವರಿಗೂ ವೋಟು ಅಂದ್ರು, ಆದ್ರೆ ಮನೆ ತೆರಿಗೆ ತಾನೇ ಕಟ್ಟಿರ್ಬೇಕು ಅಂತ ಇಟ್ರು. ಲಕ್ಷಗಟ್ಟಲೆ ಬಡ ಬಾಡಿಗೆಯವರು ತೆರಿಗೆಯನ್ನ ಬಾಡಿಗೆ ಜೊತೆ ಮಾಲೀಕನಿಗೆ ಕೊಡ್ತಿದ್ರು, ಅವನು ಒಟ್ಟಿಗೆ ಕಟ್ತಿದ್ದ, ಹಾಗಾಗಿ ತೆರಿಗೆ ಪುಸ್ತಕದಲ್ಲಿ ಇದ್ದಿದ್ದು ಮಾಲೀಕನ ಹೆಸರು. ದುಡ್ಡು ಇವರದ್ದು, ಹೆಸರು ಅವನದ್ದು. ನಮ್ಮ ಒಂದೇ ಮೀಟರ್ ಕಥೆಯೇ ಅಲ್ವಾ ಇದು? ಹಾಜ್‌ಕಿನ್ಸನ್ ಅನ್ನೋ ಅಷ್ಟೇನೂ ಹೆಸರಿಲ್ಲದ ಒಬ್ಬ ಮೆಂಬರ್ ಆ ಒಟ್ಟಿಗೆ ಕಟ್ಟೋ ಪದ್ಧತಿಯನ್ನೇ ತೆಗೀಬೇಕು ಅಂತ ತಿದ್ದುಪಡಿ ತಂದ್ರು, ಆ ಕಾಯಿದೆ ತಂದ ಮಂತ್ರಿ ಡಿಸ್ರೇಲಿ ಒಪ್ಕೊಂಡ್ರು, ಆ ಒಂದು ತಿದ್ದುಪಡಿಯಿಂದ ಲಕ್ಷಾಂತರ ಜನ ಲಿಸ್ಟ್‌ಗೆ ಬಂದ್ರು. ದೊಡ್ಡ ಭಾಷಣ ಮಾಡಿದವರ ಹೆಸರೆಲ್ಲ ಪರೀಕ್ಷೆಗೆ ಓದಿದ್ವಿ, ಈ ಮನುಷ್ಯನ ಹೆಸರು ನಮ್ಮ ನೋಟ್ಸ್‌ನಲ್ಲಿ ಇರ್ಲಿಲ್ಲ.

ಬಾಡಿಗೆ ಕೋಣೆಯಲ್ಲಿ ಇರೋರಿಗೂ ಆವಾಗ ವೋಟು ಬಂತು, ಆದ್ರೆ ವರ್ಷಕ್ಕೆ 10 ಪೌಂಡ್ ಬಾಡಿಗೆಯ ಕೋಣೆ ಆಗಿರ್ಬೇಕು, ಹನ್ನೆರಡು ತಿಂಗಳು ಒಂದೇ ಕಡೆ ಇದ್ದಿರ್ಬೇಕು, ಪ್ರತಿ ವರ್ಷ ಹೊಸದಾಗಿ ಕೇಳ್ಕೋಬೇಕು. ಕೆಲಸ ಹುಡ್ಕೊಂಡು ಬೀದಿ ಬದಲಾಯಿಸಿದವನು ಲಿಸ್ಟಿಂದ ಹೊರಗೆ. ಇನ್ನು 1884ರ ಮೂರನೇ ಕಾಯಿದೆ, ಪ್ರಧಾನಿ ಗ್ಲ್ಯಾಡ್‌ಸ್ಟನ್ ತಂದಿದ್ದು. ಅದರಲ್ಲಿ ಒಂದು ಕಲಂ ಇದೆ, ಅದನ್ನ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಯಾರು ತನ್ನ ನೌಕರಿಯ ಕಾರಣದಿಂದ, ಚಾಕರಿಯ ಕಾರಣದಿಂದ ಒಂದು ಮನೆಯಲ್ಲಿ ವಾಸ ಮಾಡ್ತಾನೋ, ಆ ಮನೆಯಲ್ಲಿ ಯಜಮಾನ ತಾನೇ ವಾಸ ಇಲ್ವೋ, ಅಲ್ಲಿ ಆ ನೌಕರನನ್ನೇ ಮನೆಯವನು ಅಂತ ಎಣಿಸಿ ವೋಟು ಕೊಡ್ಬೇಕು. ಇದು ಲೈನ್ ಮನೆ. ಅಕ್ಷರಕ್ಕೆ ಅಕ್ಷರ ಲೈನ್ ಮನೆ. 1884ರಲ್ಲಿ ಅಲ್ಲಿ ಯಾರೋ ಒಬ್ಬರಿಗೆ ಹೊಳೆದಿತ್ತು, ಗೋಡೆ ಯಾರದ್ದಾದ್ರೂ ಒಳಗೆ ಮಲಗೋನು ಯಾರು ಅಂತ ನೋಡ್ಬೇಕು ಅಂತ.

ಇಲ್ಲಿ? 1919ರ ಕಾಯಿದೆ ಕಾಲದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ವೋಟು ಅಂದ್ರೆ ಕಂದಾಯ, ತೆರಿಗೆ, ಆಸ್ತಿ. ಕೊಡಗಿಗೆ 1924ರಲ್ಲಿ ಲೆಜಿಸ್ಲೇಟಿವ್ ಕೌನ್ಸಿಲ್ ಬಂತು, 15 ಜನ ಚುನಾಯಿತರು 5 ಜನ ಸರ್ಕಾರದಿಂದ ನೇಮಕ. ಸಣ್ಣ ಸೀಮೆಗೆ ಅದು ದೊಡ್ಡ ವಿಷಯವೇ, ಆದ್ರೆ ಲೈನ್‌ನಲ್ಲಿ ಇದ್ದವರಿಗೆ ಅದರಲ್ಲಿ ಏನೂ ಇರ್ಲಿಲ್ಲ. 1935ರ ಕಾಯಿದೆ ಆದ್ಮೇಲೂ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ವೋಟಿದ್ದಿದ್ದು ಸುಮಾರು ಮೂರೂವರೆ ಕೋಟಿ ಜನಕ್ಕೆ. ಆಮೇಲೆ ಒಂದೇ ಸಲ, ಇಂಗ್ಲೆಂಡ್ ನೂರು ವರ್ಷ ಮೆಟ್ಟಿಲು ಹತ್ತಿದ್ದನ್ನ ನಮ್ಮ ಸಂವಿಧಾನ ಸಭೆ ಒಂದೇ ಕಲಂನಲ್ಲಿ ಮುಗಿಸ್ತು, 326. ಕೊಡಗಿಂದ ಸಿ.ಎಂ. ಪೂಣಚ್ಚ ಆ ಸಭೆಯಲ್ಲಿ ಇದ್ರು. ಆಸ್ತಿ ಬೇಡ, ಓದು ಬೇಡ, ಆಗಿನ ಲೆಕ್ಕಕ್ಕೆ 21 ವರ್ಷ ಆಗಿದ್ರೆ ಸಾಕು. ನಂಗೆ ಇವತ್ತಿಗೂ ಇದು ನಮ್ಮ ದೇಶ ಮಾಡಿದ ಅತ್ಯಂತ ಧೈರ್ಯದ ಕೆಲಸ ಅನ್ಸುತ್ತೆ.

1952ರಲ್ಲಿ ಕೊಡಗು ಒಂದು ರಾಜ್ಯ, ಸಿ ಭಾಗದ ರಾಜ್ಯ, ಅಂದ್ರೆ ಕೇಂದ್ರದ ಕೈಕೆಳಗಿನ ಸಣ್ಣ ರಾಜ್ಯ. 24 ಜನರ ಅಸೆಂಬ್ಲಿ, ಕಾಂಗ್ರೆಸ್‌ಗೆ 15, ಪಕ್ಷೇತರರಿಗೆ 9, ಪೂಣಚ್ಚ ಮುಖ್ಯಮಂತ್ರಿ. ನಮ್ಮಜ್ಜಿ ಆವಾಗ ವೋಟು ಹಾಕಿದ್ರಂತೆ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿತ್ರ, ಚೀಟಿ ಮೇಲೆ ಏನೂ ಗುರುತು ಮಾಡ್ಬೇಕಾಗಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದ್ರೆ ಆಯ್ತು. "ಜೋಡೆತ್ತಿನ ಪೆಟ್ಟಿಗೆ ಹತ್ರಾನೇ ಜಾಸ್ತಿ ಹೊತ್ತು ನಿಂತಿದ್ದೆ, ಪರದೆ ಹಿಂದೆ ಯಾರೂ ಇರ್ಲಿಲ್ಲ, ಅಷ್ಟೊಂದು ನಿಶ್ಶಬ್ದ" ಅಂತ ಹೇಳ್ತಿದ್ರು, ಯಾವುದಕ್ಕೆ ಹಾಕಿದ್ರು ಅಂತ ಮಾತ್ರ ಸಾಯೋವರೆಗೂ ಹೇಳ್ಲಿಲ್ಲ. ಆ ಚುನಾವಣೆಯಲ್ಲಿ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಲಿಸ್ಟಿಂದ ಹೋಯ್ತು, ಯಾಕಂದ್ರೆ ಅವರು ಸ್ವಂತ ಹೆಸರು ಹೇಳದೇ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಾಗೆ ಸೇರಿಸಲ್ಲ ಅಂತ ಗಟ್ಟಿ ನಿಂತ್ರು. ಕಠಿಣ ಅನ್ಸುತ್ತೆ, ಆದ್ರೆ ಮುಂದಿನ ಸಲ ಅವರೆಲ್ಲ ತಮ್ಮ ಹೆಸರು ತಾವೇ ಹೇಳ್ಬೇಕಾಯ್ತು, ಅದರಲ್ಲಿ ಒಂದು ನ್ಯಾಯ ಇತ್ತು ಅಂತ ನಾನು ನಂಬ್ತೀನಿ.

1956 ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರ್ತು. 24 ಸೀಟು ಇದ್ದ ಜಾಗಕ್ಕೆ ಆಮೇಲೆ ಮೂರು, 2008ರಿಂದ ಎರಡು, ಮಡಿಕೇರಿ ಮತ್ತು ವಿರಾಜಪೇಟೆ. ಲೋಕಸಭೆಗೆ ಮೊದಲು ನಮ್ಮದೇ ಸೀಟು, ಆಮೇಲೆ ವರ್ಷಾನುಗಟ್ಟಲೆ ಮಂಗಳೂರಿನ ಜೊತೆ, ಈಗ ಮೈಸೂರಿನ ಜೊತೆ. ಇದರ ಬಗ್ಗೆ ನಮ್ಮೂರಲ್ಲಿ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ, ಅದೂ ನಿಜವಾದ ನೋವೇ. ಆದ್ರೆ ಎಷ್ಟು ಸೀಟು ಅನ್ನೋದಕ್ಕಿಂತ ಆ ಎರಡು ಸೀಟಿಗೆ ಬೆರಳು ಒತ್ತೋರು ಯಾರ್ಯಾರು ಅನ್ನೋದು ನಂಗೆ ಜಾಸ್ತಿ ಕಾಡುತ್ತೆ.

ಕಾನೂನು ಏನು ಹೇಳುತ್ತೆ ಅಂತ ನೋಡೋಣ ಅಂತ 1950ರ ಜನಪ್ರತಿನಿಧಿ ಕಾಯಿದೆ ತೆಗೆದೆ. ಕಲಂ 19ರ ಪ್ರಕಾರ ಹದಿನೆಂಟು ಆಗಿರ್ಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸ ಇರ್ಬೇಕು, ಅಷ್ಟೇ. ವಾಸ ಅಂದ್ರೆ ಏನು ಅಂತ ಕಲಂ 20 ಹೇಳುತ್ತೆ, ಅದರ ಮೊದಲ ಮಾತೇ ಇದು: ಒಂದು ಕ್ಷೇತ್ರದಲ್ಲಿ ಮನೆ ಇದೆ, ಮನೆ ತನ್ನ ಸ್ವಾಧೀನದಲ್ಲಿದೆ ಅನ್ನೋ ಕಾರಣಕ್ಕೆ ಮಾತ್ರ ಯಾರನ್ನೂ ಅಲ್ಲಿಯ ಸಾಮಾನ್ಯ ನಿವಾಸಿ ಅಂತ ತಿಳ್ಕೋಬಾರ್ದು. 1832ರದ್ದನ್ನ ಪೂರ್ತಿ ತಿರುಗಿಸಿ ಹಾಕಿದ್ದಾರೆ ನೋಡಿ. ಅಲ್ಲಿ ಮನೆ ಇದ್ರೆ ವೋಟು, ಇಲ್ಲಿ ಬರೀ ಮನೆ ಇದ್ರೆ ಸಾಲದು. ಬೆಂಗಳೂರಲ್ಲೇ ವಾಸ ಇದ್ದು ಪುತ್ತರಿ ಹಬ್ಬಕ್ಕೆ ಮಾತ್ರ ಬಂದುಹೋಗೋರ ಬೀಗ ಹಾಕಿದ ಮನೆಗೆ ನಂಬರ್ ಇದೆ, ಮೀಟರ್ ಇದೆ, ಕಂದಾಯ ರಸೀದಿ ಇದೆ, ಅವರ ಹೆಸರು ನನ್ನ ಲಿಸ್ಟ್‌ನಲ್ಲಿ ಅಲುಗಾಡದೇ ಕೂತಿದೆ. ಆ ಮನೆಯ ತೋಟದಲ್ಲಿ ಹಗಲು ಕುಯ್ದು ರಾತ್ರಿ ಮಲಗೋ ಅಜ್ಜಿ, ಕಾನೂನಿನ ಮಾತಲ್ಲಿ ನಿಜವಾದ ನಿವಾಸಿ, ಅವರ ಫಾರಂ ವಾಪಸ್. ಕಾನೂನು ಬದಲಾಯ್ತು, ದಾಖಲೆ ಕೇಳೋ ಬಾಯಿ ಇನ್ನೂ ಹತ್ತು ಪೌಂಡಿನ ಮನೆಯನ್ನೇ ಕೇಳ್ತಾ ಉಂಟು.

ಚುನಾವಣಾ ಆಯೋಗದ್ದೇ ಒಂದು ನಿಯಮ ಇದೆ, ಎಷ್ಟೋ ಬಿಎಲ್‌ಒಗಳಿಗೆ ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಮನೆನೇ ಇಲ್ಲದವರು ಫಾರಂ 6 ಕೊಟ್ರೆ ಬಿಎಲ್‌ಒ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ ಅವರು ಅಲ್ಲೇ ಮಲಗ್ತಾರಾ ಅಂತ ನೋಡ್ಬೇಕು, ಮಲಗೋದು ನಿಜ ಅಂತ ಆದ್ರೆ ವಿಳಾಸದ ದಾಖಲೆ ಕೇಳೋ ಹಾಗಿಲ್ಲ. ಫುಟ್‌ಪಾತಲ್ಲಿ ಮಲಗೋರಿಗೇ ಇದು ಸಾಕು ಅಂದ್ರೆ ಲೈನ್‌ನಲ್ಲಿ ಮಲಗೋರಿಗೆ ಯಾಕೆ ಸಾಲಲ್ಲ? ಆ ಮಾತು ಹಿಡ್ಕೊಂಡೇ ನಾನು ಮತ್ತೆ ಅಜ್ಜಿ ಫಾರಂ ತುಂಬಿದೆ. ಈಗಿನ ರೈಟರ್ ಮತ್ತೆ ಮೇಸ್ತ್ರಿ ಜೀಪಲ್ಲಿ ಕರ್ಕೊಂಡು ಹೋದ್ರು, ರಾತ್ರಿ ಎಂಟು ಗಂಟೆ, ಪಟಾಕಿ ಕೈಯಲ್ಲಿಟ್ಕೊಂಡು, ಕೆರೆ ಹತ್ರ ಆನೆ ಇದೆ ಅಂತ ಹೇಳಿದ್ರು. ಅಜ್ಜಿ ಒಲೆ ಮುಂದೆ ಕೂತಿದ್ರು. ಎರಡು ದಿನ ಬಿಟ್ಟು ಮತ್ತೆ ಹೋದೆ, ಅಲ್ಲೇ ಇದ್ರು. ನಾನೇ ಕಣ್ಣಾರೆ ನೋಡಿದ್ದೀನಿ, ಇಲ್ಲೇ ವಾಸ ಇದ್ದಾರೆ ಅಂತ ವರದಿ ಬರೆದೆ, ಮನೆ ನಂಬರ್ ಇಲ್ಲದ ಕಡೆ ಲಿಸ್ಟಿಗೋಸ್ಕರ ಒಂದು ನಂಬರ್ ಹಾಕೋದಕ್ಕೆ ಅವಕಾಶ ಇದೆ, ಅದನ್ನೂ ಹಾಕಿದೆ. ಜನವರಿಯಲ್ಲಿ ಬಂದ ಲಿಸ್ಟ್‌ನಲ್ಲಿ ಅಜ್ಜಿ ಹೆಸರು ಇತ್ತು.

ವೋಟಿನ ದಿನ ಅವರು ತೋಟದ ಜೀಪಲ್ಲಿ ಬಂದ್ರು, ಎಲ್ಲರ ಜೊತೆ. ನಾನು ಬೂತ್ ಹೊರಗೆ ಲಿಸ್ಟ್ ಇಟ್ಕೊಂಡು ಕೂತಿದ್ದೆ. ಹತ್ರ ಬಂದು ಮೆಲ್ಲಗೆ "ಟೀಚರೇ, ಯಾರಿಗೆ ಒತ್ತಿದೆ ಅಂತ ಸಾವ್ಕಾರ್ರಿಗೆ ಗೊತ್ತಾಗ್ತದಾ?" ಅಂದ್ರು. ಇಲ್ಲಜ್ಜಿ, ಯಾರಿಗೂ ಗೊತ್ತಾಗಲ್ಲ ಅಂದೆ. ಅದು ನಿಜ, ಅವರ ಒಂದು ವೋಟು ಯಾರಿಗೂ ಗೊತ್ತಾಗಲ್ಲ. ಆದ್ರೆ ನಾನು ಓದಿದ್ದೆಲ್ಲ ಆಗ ತಲೆಯಲ್ಲಿ ಬಂತು. 1868ರ ಚುನಾವಣೆಯಲ್ಲಿ ವೇಲ್ಸ್‌ನ ಒಕ್ಕಲುಗಳು ಜಮೀನ್ದಾರನ ಇಷ್ಟಕ್ಕೆ ವಿರುದ್ಧ ವೋಟು ಹಾಕಿ ಹೊಲ ಮನೆ ಕಳ್ಕೊಂಡ್ರು, ಯಾಕಂದ್ರೆ ಆವಾಗ ವೋಟು ಎಲ್ಲರ ಎದುರು ಬಾಯಿಬಿಟ್ಟು ಹೇಳೋದು. ಆ ಹೊಟ್ಟೆ ಉರಿಯೂ ಸೇರಿ 1872ರಲ್ಲಿ ಗುಪ್ತ ಮತದಾನ ಬಂತು, ಮೊದಲ ಸಲ ನಡೆದಿದ್ದು ಪಾಂಟಿಫ್ರಾಕ್ಟ್ ಅನ್ನೋ ಊರಲ್ಲಿ, 15 ಆಗಸ್ಟ್ 1872. ಆ ತಾರೀಖು ನೋಡಿ ನಂಗೆ ಮೈ ಜುಂ ಅಂತು.

ನಮ್ಮಲ್ಲಿ ಯಂತ್ರ ಬರೋಕೆ ಮುಂಚೆ ಎಣಿಸುವಾಗ ಬೇರೆಬೇರೆ ಬೂತಿನ ಚೀಟಿಗಳನ್ನ ಕಲಸಿಬಿಡೋಕೆ ಅವಕಾಶ ಇತ್ತು. ಈಗ ಬೂತಿಗೊಂದು ಯಂತ್ರ, ಬೂತ್ ಲೆಕ್ಕ ಬೇರೆಬೇರೆ ಹೊರಗೆ ಬರುತ್ತೆ. ಸಿಟಿಯಲ್ಲಿ ಅದರಿಂದ ಏನೂ ಆಗಲ್ಲ. ಎರಡು ಮೂರು ತೋಟದ ಲೈನ್‌ಗಳೇ ಜಾಸ್ತಿ ಇರೋ ಬೂತಲ್ಲಿ ಆಳುಗಳು ಯಾವ ಕಡೆ ಹಾಕಿದ್ರು ಅಂತ ಕಣ್ಮುಚ್ಚಿ ಹೇಳ್ಬಹುದು. ಹಲವು ಯಂತ್ರಗಳ ಲೆಕ್ಕ ಒಟ್ಟಿಗೆ ಕೂಡಿಸಿ ತೋರಿಸೋ ಟೋಟಲೈಸರ್ ಬೇಕು ಅಂತ ಕಾನೂನು ಆಯೋಗ 2015ರಲ್ಲೇ ಶಿಫಾರಸು ಮಾಡಿದೆ, ಇನ್ನೂ ಬಂದಿಲ್ಲ. ಅಜ್ಜಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಪೂರ್ತಿ ನಿಜ ಆಗ್ಬೇಕು ಅಂದ್ರೆ ಅದು ಬರ್ಬೇಕು.

ಲೈನ್‌ಗಳಲ್ಲಿ ಈಗ ಅಸ್ಸಾಂ, ಬಂಗಾಳದವರೂ ತುಂಬಾ ಇದ್ದಾರೆ. ಅವರ ಹೆಸರು ಅಲ್ಲಿ, ಕೆಲಸ ಇಲ್ಲಿ, ವೋಟಿಗೆ ಅಂತ ಮೂರು ದಿನ ರೈಲಲ್ಲಿ ಹೋಗೋ ಹಾಗಿಲ್ಲ. ಊರಿಗೆ ಹೋಗದೇ ಇದ್ದಲ್ಲಿಂದಲೇ ವೋಟು ಹಾಕೋಕೆ 72 ಕ್ಷೇತ್ರಕ್ಕೆ ಒಂದೇ ಯಂತ್ರ ಅನ್ನೋದನ್ನ ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳಿಗೆ ತೋರಿಸೋಕೆ ಹೊರಟಿತ್ತು, ಪಕ್ಷಗಳಿಗೆ ಅನುಮಾನ, ಅಲ್ಲಿಗೇ ನಿಂತುಹೋಯ್ತು. ಅನುಮಾನ ತಪ್ಪಲ್ಲ, ಆದ್ರೆ ಬೇರೆ ದಾರಿ ಯಾರೂ ಹೇಳ್ತಾ ಇಲ್ಲ.

2016ರ ಡಿಸೆಂಬರ್‌ನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಜಾಸ್ತಿ ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ನೆನಪಿರ್ಬೇಕು ನಿಮಗೆ. ಅವರಲ್ಲಿ ತುಂಬಾ ಜನ ಲೈನ್ ಬಿಟ್ಟು ಬಂದವರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ರು. ಆವಾಗ ಎಷ್ಟೋ ಜನ ಲೈನ್ ಇದೆಯಲ್ಲ, ಇವರಿಗೆ ಸ್ವಂತ ಜಾಗ ಯಾಕೆ ಅಂತ ಕೇಳಿದ್ರು, ನಮ್ಮ ಮನೆಯಲ್ಲೂ ಆ ಮಾತು ಬಂತು. ಆ ಫಾರಂ ವಾಪಸ್ ಬಂದ ಮೇಲೆ ನಾನು ಆ ಪ್ರಶ್ನೆ ಕೇಳಲ್ಲ.

ಈ ಸಲ ನವೆಂಬರ್‌ನಲ್ಲಿ ಹೋದಾಗ ಆ ಕೊನೇ ಬಾಗಿಲಿಗೆ ಚಿಲಕ ಹಾಕಿತ್ತು. ಮಗನಿಗೂ ಸಾಹುಕಾರ್ರಿಗೂ ಮುಂಗಡದ ವಿಷಯಕ್ಕೆ ಏನೋ ಮಾತಾಗಿ ಅಮ್ಮತ್ತಿ ಕಡೆ ಬೇರೆ ತೋಟಕ್ಕೆ ಹೋದ್ರಂತೆ, ಯಾವ ತೋಟ ಅಂತ ಪಕ್ಕದ ಬಾಗಿಲಿನವರಿಗೆ ಸರಿಯಾಗಿ ಗೊತ್ತಿಲ್ಲ. ನನ್ನ ಲಿಸ್ಟ್‌ನಲ್ಲಿ ಅವರ ಹೆಸರಿನ ಮುಂದೆ ಶಿಫ್ಟೆಡ್ ಅಂತ ಬರೀಬೇಕು, ಬರೆದ್ರೆ ಇಲ್ಲಿ ಹೆಸರು ಹೋಗುತ್ತೆ, ಅಲ್ಲಿ ಯಾರಾದ್ರೂ ಜಾಗ ಬದಲಾಯಿಸಿದವರ ಫಾರಂ 8 ತುಂಬಿಸಿದ್ರೆ ಮಾತ್ರ ಅಲ್ಲಿ ಬರುತ್ತೆ. ಪೆನ್ಸಿಲಲ್ಲಿ ಒಂದು ಚುಕ್ಕಿ ಇಟ್ಟು ಬಂದಿದ್ದೀನಿ, ಇನ್ನೂ ಬರೆದಿಲ್ಲ. ಬಟವಾಡೆ ಆದ ಮೇಲಿನ ಸಂತೆಗೆ ಆ ಕಡೆ ಲೈನಿನವರೆಲ್ಲ ಬರ್ತಾರೆ, ಒಣಮೀನು ಅಂಗಡಿ ಹತ್ರ ನಿಂತ್ರೆ ಯಾರಾದ್ರೂ ಸಿಕ್ಕೇ ಸಿಗ್ತಾರೆ. ಎರಡು ಫಾರಂ 8, ಒಂದು ಇಂಕ್ ಪ್ಯಾಡ್ ಬ್ಯಾಗಲ್ಲಿ ಇಟ್ಟಿದ್ದೀನಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ.